ಬಂದರೆ

ಏಳನೇ ಪಾತಿಯ ಚೀಟಿ
ಒಂದೇ ಆಲಿಕಲ್ಲು ಮಳೆಗೆ ಅಳಿಸಿಹೋಗಿತ್ತು.
ನಾನೂರ ಹದಿನೆಂಟು ಕಪ್ಪು ಚೀಲ,
ಒಂದೊಂದರಲ್ಲೂ ಗೇಣುದ್ದ ಗಿಡ,
ಸಪೂರ ಎಲೆ, ಮಿರುಗು, ನಡುವೆ ತೆಳ್ಳನೆ ಬಿಳಿ ನರ.

ನಾನು ಮದ್ದೂರು ಕಡೆಯವನು, ನಾಲೆ ನೀರು ಕುಡಿದವನು.
ಗುಡಿಬಂಡೆಯ ಸಸ್ಯಕ್ಷೇತ್ರಕ್ಕೆ ಬಂದು ಹನ್ನೊಂದು ದಿನ.
ನನಗೆ ಬೆಳೆಯೆಂದರೆ ಕಬ್ಬು, ಮರವೆಂದರೆ ತೆಂಗು,
ಮಿಕ್ಕಿದ್ದೆಲ್ಲ ಇಲಾಖೆ ಪರೀಕ್ಷೆಗೆ ಬಾಯಿಪಾಠ.

ನೀಲಗಿರಿ, ಅಂದುಕೊಂಡೆ. ಎದೆ ಧಸಕ್ಕೆಂದಿತು.
ನೆಡಬೇಡಿ ಎಂದು ಊರೂರಿಗೆ ಹೇಳಿಕೊಂಡು ಬಂದ ನಾವೇ
ನಮ್ಮ ಪಾತಿಯಲ್ಲೇ ಅದನ್ನು!
ನಾಳೆ ಸಾಹೇಬರ ಜೀಪು. ಇವತ್ತೇ ಕಿತ್ತು ಗುಂಡಿಗೆ ಹಾಕಿಬಿಡಲೇ?

ಮಣ್ಣು ಜರಡಿ ಹಿಡಿಯುತ್ತಿದ್ದ ಗಂಗುಲಮ್ಮ
ಎಡಗಾಲು ಎಳೆಯುತ್ತ ಎದ್ದು ಬಂದಳು.
'ಕಣ್ಣಲ್ಲಿ ಏನು ನೋಡ್ತೀರ ಸಾ, ಮುಟ್ಟಿ.'
ಮುಟ್ಟಿದೆ. ಬೆರಳು ಅಂಟಿತು,
ಆಲೆಮನೆಯ ಬಾಗಿಲ ಚಿಲಕ ಮುಟ್ಟಿದ ಹಾಗೆ.
'ಈಗ ಕಿವುಚಿ.'
ನೆಗಡಿಗೆ ಹಚ್ಚುವ ಎಣ್ಣೆಯ ಘಾಟಿಲ್ಲ.
ಒಂದಿಷ್ಟು ಒಗರು, ಒಂದಿಷ್ಟು ಹುಳಿ, ಹಿಂದೆಯೇ ಬಿಸಿಲಿನ ವಾಸನೆ.
'ಎಳೆ ನೀಲಗಿರಿಗೆ ಎಲೆ ಎದುರುಬದುರು.
ಇದು ನೋಡಿ, ಒಂದು ಇತ್ತ, ಮೇಲೊಂದು ಅತ್ತ,
ಏಣಿ ಹತ್ತೋ ಕಾಲಿನಂಗೆ.'

'ಹೆಸರು?'
'ಬಂದರೆ.'

ಕಾದೆ.
ಏನು ಬಂದರೆ? ಯಾರು ಬಂದರೆ?
ಅವಳಾಗಲೇ ಜರಡಿಯ ಮುಂದೆ ಕೂತಿದ್ದಳು.
'ಅಷ್ಟೇ ಸಾ. ಬಂದರೆ. ನಮ್ಮ ತೆಲುಗಲ್ಲಿ ಬಂದಾರು.'

ಬೀಜ ಅವಳೇ ತಂದದ್ದಂತೆ, ಬಂಡೆಯ ಬೆನ್ನಿನಿಂದ,
ಸೆರಗಿನ ತುದಿಯಲ್ಲಿ ಗಂಟು ಕಟ್ಟಿ.
ಕುದಿದ ನೀರು ಒಲೆಯಿಂದಿಳಿಸಿ, ಹತ್ತು ಎಣಿಸಿ, ಆಮೇಲೆ ಸುರಿದು
ರಾತ್ರಿಯೆಲ್ಲ ಅದೇ ಚೆಂಬಿನಲ್ಲಿ.
ತೇಲಿದ್ದು ಚೆಲ್ಲಿ, ಮುಳುಗಿದ್ದು ಮರಳಿಗೆ.
ಮೂರು ವಾರ ಏನೂ ಇಲ್ಲ.
ಹಿಂದಿದ್ದ ಗಾರ್ಡು ಪಾತಿ ಕೆಡವಲು ಹೇಳಿದ್ದನಂತೆ,
ಇವಳು ಕಿವುಡಿಯಾದಳಂತೆ.
'ಮೊಳೆತ ಮೇಲೆ ನೀರು ಕಮ್ಮಿ ಮಾಡಬೇಕು.
ತುಂಬಾ ಮುದ್ದು ಮಾಡಿದರೆ ಬೇರು ಸೋಮಾರಿ.'
ನಾನು ಕೈಯಲ್ಲಿದ್ದ ಝಾರಿಯನ್ನು ಮೆಲ್ಲಗೆ ಕೆಳಗಿಟ್ಟೆ.

ಜುಲೈನಲ್ಲಿ ಗುಡ್ಡದ ಇಳಿಜಾರಿಗೆ ಒಯ್ದೆವು.
ಗುಂಡಿ ಎನ್ನುವಂತಿಲ್ಲ, ಕಲ್ಲು ಕಿತ್ತ ಜಾಗ.
ಪುಷ್ಯದ ಹೆಸರು ಹೇಳಿ ಬರೀ ಮೋಡ ಹಾದುಹೋಯಿತು.
ಪಕ್ಕದ ಹೊಂಗೆ ಸಸಿಗಳು ವಾರಕ್ಕೇ ತಲೆ ಬಾಗಿಸಿದವು.
ಮೇಕೆಗಳು ಬಂದವು, ಬಂದರೆಯನ್ನು ಮೂಸಿದವು,
ಮೂಗು ಸಿಂಡರಿಸಿ ಮುಂದೆ ಹೋದವು.

ಒಂದು ದಿನ ಗಂಗುಲಮ್ಮ ಅದೇ ಎಲೆ ಬಾಡಿಸಿ
ಉಳುಕಿದ ಎಡಗಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.
ಮಸ್ಟರ್ ರೋಲಿನಲ್ಲಿ ಅವಳ ಹೆಸರು ಆ ತಿಂಗಳು ಬಂದಿರಲಿಲ್ಲ.
'ಬಿಲ್ಲು ಬಂದರೆ,' ಅಂದೆ.
ಅಂದದ್ದೇ ನಾಲಿಗೆ ಕಚ್ಚಿಕೊಂಡೆ.
ಅವಳು ನಕ್ಕು ಗುಡ್ಡದ ಕಡೆ ಕೈ ತೋರಿದಳು,
'ಬಂದರೆ ಅಲ್ಲೈತೆ ಸಾ.'

ಮರುವರ್ಷ ಶಿವರಾತ್ರಿ ಕಳೆದು ಎಣಿಸಲು ಹೋದೆ.
ಹೂ ಬಿಟ್ಟದ್ದು ನಾನು ನೋಡಿಯೇ ಇರಲಿಲ್ಲ.
ಎಸಳಿಲ್ಲದ ಹಸಿರು ಹೂ, ನೋಡಿದ್ದರೂ ಹೂವೆನ್ನುತ್ತಿರಲಿಲ್ಲ.
ಈಗ ಕೊಂಬೆ ತುಂಬ ಕಾಗದದಂಥ ಕಾಯಿ,
ಒಂದೊಂದಕ್ಕೂ ಮೂರು ರೆಕ್ಕೆ,
ಹಳೇ ಮದುವೆ ಕರೆಯೋಲೆಯ ಮಾಸಿದ ಗುಲಾಬಿ.
ಗಾಳಿ ಬೀಸಿತು. ಗುಡ್ಡವಿಡೀ ಸರಸರ ಎಂದಿತು,
ಯಾರೋ ಕಡತ ತಿರುವಿದ ಹಾಗೆ.
ನನ್ನ ಎಣಿಕೆ ತಪ್ಪಿತು. ಮತ್ತೆ ಒಂದರಿಂದ.

ವಹಿಯಲ್ಲಿ ಬರೆದೆ:
ಏಳನೇ ಪಾತಿ. ಉಳಿದವು ಮುನ್ನೂರ ತೊಂಬತ್ತಾರು. ಬಂದರೆ.

ಚಿಕ್ಕಬಳ್ಳಾಪುರದಿಂದ ವಹಿ ಮರಳಿ ಬಂತು.
ಕೊನೆಯ ಪದಕ್ಕೆ ಕೆಂಪು ಶಾಯಿಯ ಸುತ್ತು,
ಅಂಚಿನಲ್ಲಿ ಸಾಹೇಬರ ಕೈಬರಹ:
ವಾಕ್ಯ ಪೂರ್ತಿ ಮಾಡಿ ಕಳಿಸಿ.

ಪೆನ್ನು ತೆಗೆದೆ.
ಬೆರಳಿನ ಅಂಟು ಹಾಳೆಗೆ ಹತ್ತಿತ್ತು.